'ಕೀಕಾ' ನೋಡುವ ಮುನ್ನ

ಮಾನ್ಯರೇ,

ಸ್ಪೇನ್‌ನ ಪೆದ್ರೊ ಅಲ್ಮೊದೋವರ್ ನಿರ್ದೇಶನದ 'ಕೀಕಾ' (1993) ಚಿತ್ರವನ್ನು ಬರೀ ಅಶ್ಲೀಲವೆಂದು ತಳ್ಳಿಹಾಕುವವರು ಅದರ ಟಿ.ವಿ. ಭಾಗವನ್ನಾದರೂ ಗಮನವಿಟ್ಟು ನೋಡಬೇಕು. ಅಪರಾಧ ಸುದ್ದಿಯ ಟಿ.ವಿ. ಕಾರ್ಯಕ್ರಮವೊಂದರ ನಿರೂಪಕಿಯಾಗಿ ವಿಕ್ಟೋರಿಯಾ ಅಬ್ರಿಲ್ ನಟಿಸಿದ್ದಾರೆ. ತಲೆಯ ಹೆಲ್ಮೆಟ್ ಮೇಲೆ ಕ್ಯಾಮೆರಾ, ಎದೆಯ ಮೇಲೆ ದೀಪಗಳು. ಉಡುಪಿನ ವಿನ್ಯಾಸ ಜಾನ್ ಪಾಲ್ ಗಾಲ್ಟಿಯೆ ಅವರದು. ಆಕೆ ಯಾರತ್ತ ತಿರುಗಿದರೂ ಅದು ಶಾಟ್. ಕ್ಯಾಮೆರಾ ಕೆಳಗಿಟ್ಟು ನೊಂದವರನ್ನು ಬರಿಗಣ್ಣಿನಿಂದ ನೋಡುವ ಪ್ರಶ್ನೆಯೇ ಇಲ್ಲ. ಚಿತ್ರದ ನಾಯಕಿ ಕೀಕಾಳ ಮೇಲಿನ ಅತ್ಯಾಚಾರವನ್ನು ಯಾರೋ ಕದ್ದು ಚಿತ್ರೀಕರಿಸಿದ ಟೇಪು ಈ ನಿರೂಪಕಿಯ 'ದಿನದ ಅತಿ ಕೆಟ್ಟದ್ದು' ಕಾರ್ಯಕ್ರಮದಲ್ಲೇ ಬಿತ್ತರವಾಗುತ್ತದೆ.

ನಿರ್ದೇಶಕರು ಇದನ್ನು ಗಾಳಿಯಲ್ಲಿ ಹೆಣೆದದ್ದಲ್ಲ. ಸ್ಪೇನ್‌ನಲ್ಲಿ ಖಾಸಗಿ ವಾಹಿನಿಗಳು ಬೇರೂರಿದ್ದು 1990ರ ಸುಮಾರಿಗೆ. ಪೈಪೋಟಿಯೂ ಆಗಲೇ ಶುರು. 1993ರ ಜನವರಿಯಲ್ಲಿ ಅಲ್ಕಾಸೆರ್ ಊರಿನ, ಕೊಲೆಯಾದ ಮೂವರು ಹುಡುಗಿಯರ ಶವ ಸಿಕ್ಕ ಬೆನ್ನಲ್ಲೇ ಅಲ್ಲಿಂದ ನೇರ ಪ್ರಸಾರ ನಡೆಯಿತು, ಅಳುತ್ತಿದ್ದ ಮನೆಯವರ ಮುಂದೆ ಮೈಕು ಹಿಡಿಯಲಾಯಿತು.

ಆದರೆ ಅತ್ಯಾಚಾರದ ದೃಶ್ಯವನ್ನು ನಗೆಗಾಗಿ ಅಷ್ಟುದ್ದ ಎಳೆದಿರುವುದನ್ನು ಒಪ್ಪಲಾಗದು. ತಾನು ಬಯ್ಯುವ ಚಾಳಿ ಅಲ್ಲಿ ಚಿತ್ರಕ್ಕೇ ಅಂಟಿಕೊಂಡಿದೆ. ನಮ್ಮ ಫಿಲ್ಮ್ ಸೊಸೈಟಿಗಳು ಇದನ್ನು ತೋರಿಸುವುದಾದರೆ, ಈ ದೃಶ್ಯವಿದೆ ಎಂದು ಪ್ರಕಟಣೆಯಲ್ಲೇ ಬರೆಯಲಿ, ಚಿತ್ರ ಶುರುವಾಗುವ ಮುನ್ನ ಇನ್ನೊಮ್ಮೆ ಹೇಳಲಿ.

– ಒಬ್ಬ ಚಿತ್ರಾಸಕ್ತ, ಮೈಸೂರು