ಅಟ್ಟದ ಇಲಿ, ಆಟದ ಇಲಿ

ಪ್ರೀತಿಯ ಪುಟ್ಟಿ,

ಕರೆಂಟ್ ಹೋಗಿ ಇವತ್ತಿಗೆ ಮೂರು ದಿನ. ಟವರೂ ಇಲ್ಲ. ಶಾಂತಳ್ಳಿ ಕಡೆ ರಸ್ತೆಗೆ ಮರ ಬಿದ್ದಿದೆಯಂತೆ. ನಮ್ಮ ಸೋಮವಾರಪೇಟೆ ಮಳೆ ನಿನಗೆ ಗೊತ್ತಲ್ಲ, ಹಿಡಿದರೆ ಬಿಡುವ ಜಾತಿಯಲ್ಲ. ಅದಕ್ಕೇ ಈ ಕಾಗದ. ಜೊತೆಗೆ ಫೋನಿನಲ್ಲಿ ಹೇಳಲು ಬಾಯಿ ಬರದ ಒಂದು ವಿಷಯವೂ ಇದೆ.

ನಿನ್ನ ಎಸ್ಸೆಸ್ಸೆಲ್ಸಿ ವರ್ಷ ನಿನ್ನ ನಿಂಟೆಂಡೊ, ಅದೇ ಪ್ರಾಣಿ ಹಿಡಿದು ಕಾದಾಡಿಸುವ ಪೋಕೆಮಾನ್ ಆಟದ ಡಬ್ಬಿ, ರಿಪೇರಿಗೆ ಹೋಗಿದೆ ಅಂತ ಹೇಳಿದ್ದೆನಲ್ಲ, ಅದು ಸುಳ್ಳು ಕಣೇ. ನಾನೇ ಅದನ್ನು ಚಾರ್ಜರ್ ಸಮೇತ ಹಳೇ ಸೀರೆಯಲ್ಲಿ ಸುತ್ತಿ, ಅಟ್ಟದ ಮೇಲೆ ಹಿತ್ತಾಳೆ ಹಂಡೆಯ ಹಿಂದೆ ಇಟ್ಟಿದ್ದೆ. ಪರೀಕ್ಷೆ ಮುಗಿದ ದಿನ ಏಣಿ ಹತ್ತಿ ನೋಡಿದರೆ ವೈರು ನಾಲ್ಕು ತುಂಡು. ಸೀರೆ ಹರಿದು ಗೂಡು ಮಾಡಿಕೊಂಡಿತ್ತು. ಗೂಡಿನಲ್ಲಿ ಆರು ಮರಿಗಳು, ನೆನೆಸಿದ ಶೇಂಗಾ ಬೀಜದ ಹಾಗೆ ಗುಲಾಬಿ ಬಣ್ಣ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆಟದ ಪಿಕಾಚು ಅನ್ನುವ ಮಿಂಚಿನ ಇಲಿಗೆ ಕರೆಂಟ್ ಕೊಡುವ ವೈರನ್ನು ಮನೆ ಇಲಿ ಕಡಿದು ಹಾಕಿತ್ತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದುಬೈಯಿಂದ ನಿನ್ನ ಮಾವ ಬೇರೆ ಚಾರ್ಜರ್ ಕಳಿಸುವವರೆಗೆ ಎರಡು ತಿಂಗಳು, ರಿಪೇರಿ ಅಂಗಡಿಯವನು ಸತಾಯಿಸುತ್ತಿದ್ದಾನೆ ಅಂತ ನಿನ್ನನ್ನು ನಂಬಿಸಿದೆ. ಇಲ್ಲದ ಅಂಗಡಿಯವನಿಗೆ ನೀನು ಎಷ್ಟು ಬೈದೆ, ಪಾಪ.

ಇಷ್ಟು ದಿನ ಮುಚ್ಚಿಟ್ಟವಳು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಡಬ್ಬಿಯನ್ನು ಈಗ ನಾನೇ ಆಡುತ್ತಿದ್ದೇನೆ. ಮೈಸೂರಿಗೆ ಹೋಗುವಾಗ ನೀನು ಬೀರುವಿನಲ್ಲೇ ಬಿಟ್ಟು ಹೋಗಿದ್ದೆ. ಒಂದು ರಾತ್ರಿ ನಿಮ್ಮಪ್ಪ ಎಂಟು ಗಂಟೆಗೇ ಮಲಗಿದರು. ಟಿವಿಯಲ್ಲಿ ಸಿಗ್ನಲ್ ಇಲ್ಲ. ಸುಮ್ನೆ ಆನ್ ಮಾಡಿದೆ. ನೀನು ಆಟದೊಳಗಿನ ಅಲೋಲಾ ಅನ್ನುವ ನಾಡಿನ ಮೊದಲನೇ ದಾರಿಯಲ್ಲೇ ನಿಲ್ಲಿಸಿದ್ದೆ. ಹುಲ್ಲಿಗೆ ಕಾಲಿಟ್ಟೆ, ಇಲಿ. ನಾಲ್ಕು ಹೆಜ್ಜೆ ಹೋದೆ, ಮತ್ತೆ ಇಲಿ. ಕಪ್ಪು ಬಣ್ಣ, ಮೂತಿಯ ಮೇಲೆ ಮೀಸೆ ಬೇರೆ. ರಟಾಟಾ ಅಂತ ಹೆಸರು. ಇದೇನು ನಮ್ಮ ಅಟ್ಟವಾ ಅಂದುಕೊಂಡು ಮುಚ್ಚಿಟ್ಟೆ.

ಮಾರನೇ ದಿನ ಊಟ ಆದ ಮೇಲೆ ಮತ್ತೆ ತೆಗೆದೆ. ಅದೇ ಜಾಗ, ಅದೇ ಹುಲ್ಲು. ಒಂದು ಇಲಿಯೂ ಇಲ್ಲ. ಯಂಗೂಸ್ ಅಂತೆ, ಹಲ್ಲು ಕಿರಿದುಕೊಂಡು ಬಂದದ್ದು ಮುಂಗುಸಿ. ಸಂಜೆ ಆಯಿತು, ಕತ್ತಲಾಯಿತು, ಮುಂಗುಸಿ ಮಾಯ, ಇಲಿ ಹಾಜರ್. ಆಗ ಗೊತ್ತಾಯಿತು, ಈ ಆಟ ಡಬ್ಬಿಯೊಳಗಿನ ಗಡಿಯಾರ ನೋಡಿಕೊಂಡು ನಡೆಯುತ್ತದೆ. ಹಗಲು ಮುಂಗುಸಿ, ರಾತ್ರಿ ಇಲಿ.

ನಾನು ಎದ್ದು ಕೂತೆ. ನಮ್ಮ ಮನೆಯಲ್ಲೂ ಹಾಗೇ ಅಲ್ವಾ? ಬೆಳಿಗ್ಗೆ ಹತ್ತರ ಸುಮಾರಿಗೆ ಕಣದ ಅಂಚಿನಲ್ಲಿ ಮುಂಗುಸಿ ಹಾದುಹೋಗುತ್ತದೆ, ಒಂದು ಸಲ ನಿಂತು ನಮ್ಮ ಕಡೆ ನೋಡುತ್ತದೆ. ಅಟ್ಟದ ಮೇಲಿನ ಓಡಾಟ ಶುರುವಾಗುವುದು ರಾತ್ರಿ ಒಂಬತ್ತರ ಮೇಲೆ. ಇಬ್ಬರಿಗೂ ಮುಖಾಮುಖಿಯೇ ಇಲ್ಲ. ಮೂವತ್ತು ವರ್ಷದಿಂದ ಎರಡನ್ನೂ ನೋಡುತ್ತಿದ್ದೇನೆ, ಒಂದಕ್ಕೊಂದು ಜೋಡಿಸಿ ನೋಡಿದ್ದು ಮಾತ್ರ ಈ ಆಟದಿಂದ.

ಹವಾಯಿಯ ಕತೆ ನೀನು ಊಟದ ಹೊತ್ತಿಗೆ ಹೇಳುತ್ತಿದ್ದೆ. ನಾನು ಸಾರು ಬಡಿಸುತ್ತಾ ಹ್ಞೂಂ ಅಂತಿದ್ದೆ, ಕಿವಿಗೆ ಬಿದ್ದದ್ದು ಅರ್ಧ. ಈಗ ಪೂರ್ತಿ ಓದಿಕೊಂಡೆ. ಕಬ್ಬಿನ ತೋಟಕ್ಕೆ ಇಲಿ ಕಾಟ ಅಂತ 1872ರಲ್ಲಿ ನಮ್ಮ ಇಂಡಿಯಾದ ಮುಂಗುಸಿಗಳನ್ನು ಹಡಗು ಹತ್ತಿಸಿ ಜಮೈಕಾಕ್ಕೆ ಒಯ್ದರು. ಅಲ್ಲಿಂದ 1883ರಲ್ಲಿ ಹವಾಯಿಗೆ. ಮುಂಗುಸಿ ಹಗಲು ತಿರುಗುವ ಪ್ರಾಣಿ, ಇಲಿ ರಾತ್ರಿ ತಿರುಗುವುದು. ಹಾಗಾಗಿ ಇಲಿ ಇದ್ದಲ್ಲೇ ಉಳಿಯಿತು, ಮುಂಗುಸಿ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗೆ ಬಾಯಿ ಹಾಕಿತು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತೇವೆ. ಇವರಿಗೆ ಸಮುದ್ರ ದಾಟಿಸಿದರೂ ಇಲಿ ಸಿಗಲಿಲ್ಲ. ತೋಟದವರ ಬುದ್ಧಿ ಎಲ್ಲ ಕಡೆಯೂ ಒಂದೇ ಬಿಡು. ಕಬ್ಬಾದರೇನು, ಕಾಫಿಯಾದರೇನು.

2016ರಲ್ಲಿ ಬಂದ ನಿನ್ನ ಆಟದಲ್ಲಿ ಇದೇ ಕತೆ. ಅಲೋಲಾ ಅಂದರೆ ಹವಾಯಿಯನ್ನೇ ನೋಡಿ ಮಾಡಿದ ದ್ವೀಪಗಳು. ಅಲ್ಲಿ ಇಲಿ ಜಾಸ್ತಿಯಾಯಿತು ಅಂತ ಯಂಗೂಸ್ ತಂದರು, ಅದರ ಕಣ್ಣು ತಪ್ಪಿಸಲು ರಟಾಟಾ ರಾತ್ರಿ ಪಾಳಿಗೆ ಬದಲಾಯಿತು. ಇಪ್ಪತ್ತು ವರ್ಷ ಹಿಂದೆ, 1996ರ ಮೊದಲ ಆಟದಲ್ಲಿ ಇದ್ದ ನೇರಳೆ ಇಲಿ ಇಲ್ಲಿ ಕಪ್ಪಾಯಿತು. ಮಕ್ಕಳ ಆಟದಲ್ಲಿ ಇಷ್ಟೆಲ್ಲ ಯೋಚನೆ ಇರುತ್ತದೆ ಅಂತ ನಾನು ಎಲ್ಲಿ ಕಂಡಿದ್ದೆ?

ಒಂದು ವಿಷಯಕ್ಕೆ ನಿಮ್ಮಪ್ಪನಿಗೂ ನನಗೂ ಜಗಳ ಆಯಿತು. ಸ್ಯಾಂಡ್‌ಶ್ರೂ ಅಂತ ಒಂದಿದೆಯಲ್ಲ, ಮೈಯೆಲ್ಲ ಇಟ್ಟಿಗೆ ಜೋಡಿಸಿದ ಹಾಗೆ. ಅದು ಇಲಿ ಪೋಕೆಮಾನ್ ಅಂತೆ. ಬೆನ್ನ ಮೇಲೆ ಬೆಂಕಿ ಮುಳ್ಳೆದ್ದ ಸಿಂಡಾಕ್ವಿಲ್ ಕೂಡ ಇಲಿಯೇ, ಬೆಂಕಿ ಇಲಿ. "ಜಪಾನಿನವರಿಗೆ ಕಣ್ಣಿಲ್ವಾ? ಒಂದು ಚಿಪ್ಪುಹಂದಿ, ಇನ್ನೊಂದು ಮುಳ್ಳುಹಂದಿ" ಅಂದರು ನಿಮ್ಮಪ್ಪ. ನಾನು ಹೇಳಿದೆ, ನಮಗೂ ಕಣ್ಣಿಲ್ಲವಲ್ಲ. ಚಿಪ್ಪುಹಂದಿ ಹಂದಿಯಲ್ಲ. ಮುಳ್ಳುಹಂದಿಯೂ ಹಂದಿಯಲ್ಲ, ಅದು ಇಲಿ, ಅಳಿಲುಗಳ ಬಳಗದ್ದು. ಮಣ್ಣು ಕೆದಕುವುದನ್ನೆಲ್ಲ ನಾವು ಹಂದಿ ಅಂದೆವು, ಅವರು ಇಲಿ ಅಂದರು. ನಿಮ್ಮಪ್ಪ ಒಪ್ಪಲಿಲ್ಲ. ಮುಳ್ಳುಹಂದಿ ಇಲಿಯಾದರೆ ನಮ್ಮ ಗೆಣಸಿನ ಪಾತಿ ಅಗೆದು ಹಾಕಿದ್ದು ಇಲಿಯಾ ಅಂತ ಕೇಳುತ್ತಾ ಹೊರಗೆ ಹೋದರು.

ಪಿಕಾಚು ವಿಷಯದಲ್ಲಿ ಮಾತ್ರ ನಾನೇ ಸೋತೆ. ನೀನು ಚಿಕ್ಕವಳಿದ್ದಾಗ ಆ ಗೊಂಬೆ ನೋಡಿ ಹಳದಿ ಮೊಲ ಅಂದಿದ್ದೆ, ನೀನು ಅತ್ತುಬಿಟ್ಟಿದ್ದೆ. ಪಿಕಾಚುವಿನ ಚಿತ್ರ ಬರೆದವರು ಅತ್ಸುಕೊ ನಿಶಿದಾ ಅಂತ ಒಬ್ಬ ಹೆಂಗಸು. ಅವರಿಗೆ ಆಗ ಅಳಿಲಿನ ಹುಚ್ಚಂತೆ. ಅಳಿಲು ಕೆನ್ನೆಯಲ್ಲಿ ತಿಂಡಿ ತುಂಬಿಕೊಳ್ಳುವುದು ಅವರ ತಲೆಯಲ್ಲಿತ್ತು, ಅದಕ್ಕೇ ಇದರ ಕೆನ್ನೆಯಲ್ಲಿ ಕರೆಂಟ್ ತುಂಬಿಸಿದರು. ಇಲಿ ಆದದ್ದು ಆಮೇಲೆ. ಪಿಕಾ ಅಂದರೆ ಮಿಂಚುವುದು, ಚು ಅಂದರೆ ಜಪಾನಿನ ಇಲಿಯ ಕೂಗು. ನಮ್ಮಲ್ಲಿ ಹುಟ್ಟಿದ್ದರೆ ಫಳಫಳ-ಕಿಚಕಿಚ ಅಂತ ಹೆಸರಿಡಬೇಕಾಗಿತ್ತು. ಆ ನಿಶಿದಾ ಅವರಿಗೆ ನಮ್ಮ ಹಲಸಿನ ಮರದ ಕೆಂದಳಿಲನ್ನು ತೋರಿಸಬೇಕಿತ್ತು ಅನಿಸುತ್ತದೆ. ಮೊನ್ನೆ ಮಳೆ ಬಿಟ್ಟಾಗ ಬಂದಿತ್ತು. ತಲೆಕೆಳಗಾಗಿ ಹಿಂಗಾಲಲ್ಲಿ ಜೋತುಬಿದ್ದು, ಎರಡೂ ಕೈಯಲ್ಲಿ ಹಲಸಿನ ತೊಳೆ ಹಿಡಿದು ತಿನ್ನುತ್ತಿತ್ತು. ಬಾಲ ಒಂದೇ ಮೊಳದುದ್ದ, ನೆಂದು ಅಂಟಿಕೊಂಡಿತ್ತು.

ಅಳಿಲು ಅಂದಾಗ ನೆನಪಾಯಿತು. ಪಚಿರಿಸು ಅನ್ನುವ ಅಳಿಲು ಪೋಕೆಮಾನಿನ ಕತೆ ನೀನು ಹೇಳಿದ್ದೆ, ಅದೊಂದು ಮಾತ್ರ ನನಗೆ ಆಗಲೇ ಹಿಡಿಸಿತ್ತು. 2014ರಲ್ಲಿ ವಾಷಿಂಗ್ಟನ್ನಿನಲ್ಲಿ ಪೋಕೆಮಾನ್ ಆಟದ ವಿಶ್ವ ಚಾಂಪಿಯನ್‌ಶಿಪ್. ಎಲ್ಲರೂ ಡ್ರ್ಯಾಗನ್ನು, ರಾಕ್ಷಸರನ್ನು ತಂದರೆ ಕೊರಿಯಾದ ಸೆಜುನ್ ಪಾರ್ಕ್ ಒಂದು ಬಿಳಿ ಅಳಿಲನ್ನು ಸೇರಿಸಿಕೊಂಡು ಬಂದ. ಅದರ ಕೆಲಸ ಹೊಡೆಯುವುದಲ್ಲ. ಬರುವ ಏಟನ್ನೆಲ್ಲ ತನ್ನ ಕಡೆ ಕರೆದುಕೊಳ್ಳುವುದು, ಪಕ್ಕದಲ್ಲಿರುವ ದೊಡ್ಡವರು ಹೊಡೆಯಲಿ ಅಂತ. ಅವನೇ ಗೆದ್ದ. ನೀನು ಕುಣಿದಾಡಿಕೊಂಡು ಹೇಳಿದ್ದೆ. "ಇದು ಅಳಿಲು ಸೇವೆ ಕಣೇ" ಅಂದಿದ್ದೆ ನಾನು. ಅದರ ಬೆನ್ನಿಗೂ ನೀಲಿ ಪಟ್ಟೆ ಇದೆ, ನಮ್ಮ ರಾಮ ಅಲ್ಲಿಗೂ ಹೋಗಿದ್ದನೋ ಏನೋ.

ಒಂದು ಸಿಟ್ಟಿದೆ ನನಗೆ. ಯಾವ ಆಟ ತೆಗೆದರೂ ಮೊದಲ ಹುಲ್ಲಿನಲ್ಲಿ ಸಿಗುವುದು ಇಂಥ ಇಲಿ, ಅಳಿಲುಗಳೇ ಜಾಸ್ತಿ. ರಟಾಟಾ ಆಯಿತು, 2006ರಲ್ಲಿ ಬಿಡೂಫ್, 2010ರಲ್ಲಿ ಪ್ಯಾಟ್ರ್ಯಾಟ್, 2019ರಲ್ಲಿ ಸ್ಕ್ವೋವೆಟ್. ಎಲ್ಲರೂ ಹಿಡಿಯುತ್ತಾರೆ, ಎರಡು ಊರು ದಾಟುವಷ್ಟರಲ್ಲಿ, ಬೇಡದವನ್ನು ಎತ್ತಿಡುವ ಆಟದೊಳಗಿನ ಪೆಟ್ಟಿಗೆಗೆ ಹಾಕಿ ಮರೆಯುತ್ತಾರೆ. ಬಿಡೂಫ್ ಪಾಡಂತೂ ಕೇಳಬೇಡ. ಮರ ಕಡಿ, ಬಂಡೆ ಒಡೆ, ದೊಡ್ಡದಾಗಿ, ಬೀವರ್ ಅನ್ನುವ ನೀರಿನ ಪ್ರಾಣಿ ಥರ ಆದ ಮೇಲೆ ಹೊಳೆ ದಾಟಿಸು. ಕಾಳಗಕ್ಕೆ ಮಾತ್ರ ಬೇರೆಯವರು. ಮದುವೆಯಾಗಿ ಈ ಮನೆಗೆ ಬಂದ ಮೊದಲ ವರ್ಷ ನೆನಪಾಯಿತು ನನಗೆ. ನಿನ್ನ ಅಜ್ಜಿಗೆ ಓದಿ ಹೇಳಬೇಡ.

ಹಾಗಂತ ನಾನು ಇಲಿ ಸಾಕಲು ಹೊರಟಿಲ್ಲ. ಬೋನು ಇಡುತ್ತಿದ್ದೇನೆ, ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ. ಏಲಕ್ಕಿ ಮೂಟೆ ತೂತು ಮಾಡಿದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಆದರೆ ಹೋದ ವಾರ ಬಿದ್ದದ್ದನ್ನು ಟಾರ್ಚ್ ಹಾಕಿ ಕೂತು ನೋಡಿದೆ. ಮುಂದಿನ ಹಲ್ಲು ಬಿಳಿಯಲ್ಲ ಕಣೇ, ಕಿತ್ತಳೆ ಹಳದಿ, ಅರಿಶಿನ ಕೊಂಬಿನ ಒಳಗಿನ ಬಣ್ಣ. ಬೋನಿನ ಕಂಬಿಯನ್ನು ಒಂದೇ ಸಮ ಕಡಿಯುತ್ತಿತ್ತು. ರಟಾಟಾದ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಸಲು ಕಡಿಯುತ್ತದೆ ಅಂತ ಆಟದಲ್ಲಿದೆ. ನಿಜವಾದ ಇಲಿಗೂ ಹಾಗೇ. ನಿನ್ನ ಚಾರ್ಜರ್ ಹೋದದ್ದು ಆ ಹಲ್ಲಿಗೆ. ಬೆಳಿಗ್ಗೆ ಅದನ್ನು ಹೊಳೆಯಾಚೆ ಬಿಟ್ಟು ಬರಲು ನಿಮ್ಮಪ್ಪನಿಗೆ ಹೇಳಿದೆ. ಬಿಟ್ಟರೋ ಇಲ್ಲವೋ, ಕೇಳಲಿಲ್ಲ.

ನಾನೂ ಒಂದು ರಟಾಟಾ ಹಿಡಿದೆ. ಹೆಸರಿಡು ಅಂತ ಕೇಳಿತು. ಆ ಮೀಸೆ ನೋಡಿ ನಿಮ್ಮಪ್ಪನ ಹೆಸರೇ ಇಟ್ಟೆ. ಪೆಟ್ಟಿಗೆಗೆ ಹಾಕಲಿಲ್ಲ, ದಿನಾ ಜೊತೆಯಲ್ಲೇ ಕರೆದುಕೊಂಡು ಹೋದೆ. ಮೊನ್ನೆ ರಾತ್ರಿ ಇಪ್ಪತ್ತನೇ ಲೆವೆಲ್ ಮುಟ್ಟಿತು, ಕಣ್ಣೆದುರಿಗೇ ಡಬ್ಬಿಯೆಲ್ಲ ಬೆಳ್ಳಗಾಯಿತು. ನೋಡಿದರೆ ರಟಾಟಾ ಬೆಳೆದು ರ್ಯಾಟಿಕೇಟ್ ಆಗಿತ್ತು! ಕೆನ್ನೆ ಎರಡೂ ತುಂಬಿದೆ, ಹೊಟ್ಟೆ ಮುಂದೆ ಬಂದಿದೆ. ಕೆಳಗಿನವರ ಕೈಯಲ್ಲಿ ತಿಂಡಿ ತರಿಸಿಕೊಂಡು ಒಳ್ಳೆಯದನ್ನಷ್ಟೇ ತಿನ್ನುತ್ತದಂತೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬಿಯ ಮುಚ್ಚಳದ ಸದ್ದು. ಎಂಟು ಗಂಟೆಗೆ ಮಲಗಿದವರು ಹನ್ನೊಂದಕ್ಕೆ ಎದ್ದಿದ್ದರು. ನಾನು ಕಂಬಳಿ ಬಾಯಿಗೆ ತುರುಕಿಕೊಂಡು ನಕ್ಕೆ.

ಅವರಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ಗೌರಿ ಹಬ್ಬಕ್ಕೆ ಬರುವಾಗ ಇನ್ನೊಂದು ಚಾರ್ಜರ್ ಸಿಕ್ಕಿದರೆ ತಾ. ಈಗಿರುವುದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಚಕ್ಕುಲಿ ಡಬ್ಬಿಯಿಂದ ದೂರ ಇಟ್ಟಿದ್ದೇನೆ.

ನಿನ್ನ
ಅಮ್ಮ