ಸಣಕಲು ಮೈಯವರಿಗೂ ಸ್ಲೀಪ್ ಆಪ್ನಿಯಾ ಬರುತ್ತದೆ

ಮಾನ್ಯ ಸಂಪಾದಕರೇ,

ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಯೇ ಸ್ಲೀಪ್ ಆಪ್ನಿಯಾ. ಅದರ, ಗೊರಕೆಯ ಮಾತು ಬಂದರೆ ಸಾಕು, ‘ತೂಕ ಇಳಿಸಿ’ ಎನ್ನುತ್ತಾರೆ. ನಮ್ಮ ಯಜಮಾನರು ಸಣಕಲು ಆಳು. ತಿಪಟೂರಿನಿಂದ ಕೊಬ್ಬರಿ ಲೋಡ್ ಲಾರಿ ಓಡಿಸುತ್ತಾರೆ. ಅವರ ಮೈಯಲ್ಲಿ ಇಳಿಸಲು ಏನಿದೆ? ರಾತ್ರಿ ಗೊರಕೆಯ ಜೊತೆಗೆ ಉಸಿರೂ ನಿಂತುಬಿಡುತ್ತಿತ್ತು. ಆಮೇಲೆ ಒಮ್ಮೆಲೇ ಏದುಸಿರು ಬಿಟ್ಟು ಹೊರಳುತ್ತಿದ್ದರು. ಇಲ್ಲಿ ತೋರಿಸಿದಾಗ ಡಾಕ್ಟರೊಬ್ಬರು ಹೊಟ್ಟೆ ನೋಡಿ ನಕ್ಕು, ಗ್ಯಾಸ್ ಮಾತ್ರೆ ಬರೆದುಕೊಟ್ಟರು.

ಬೆಂಗಳೂರಿನ ಕಿವಿ-ಮೂಗು-ಗಂಟಲು ತಜ್ಞರು ಮೊದಲು ನೋಡಿದ್ದೇ ಗದ್ದ. ಕೆಳದವಡೆ ಚಿಕ್ಕದು, ಹಿಂದಕ್ಕೆ ಸರಿದಿದೆ. ನಾಲಿಗೆಗೆ ಬಾಯಲ್ಲಿ ಜಾಗ ಸಾಲದೆ ಗಂಟಲ ಕಡೆಗೆ ಒತ್ತುತ್ತದೆ ಎಂದರು.

ನಾನು ಟೈಲರ್. ಕ್ಯಾನ್ವಾಸ್ ಇಡದ ಕಾಲರ್ ಮಡಚಿ ಬೀಳುತ್ತಲ್ಲ, ಗಂಟಲಲ್ಲಿ ಉಸಿರಿನ ದಾರಿಯೂ ಹಾಗೇ. ಮೂಗಿಗೆ ಮೂಳೆಯ ಆಸರೆಯಿದೆ, ಶ್ವಾಸನಾಳಕ್ಕೆ ಮೆದುಮೂಳೆಯ ಬಳೆಗಳಿವೆ. ನಡುವೆ, ಕಿರುನಾಲಿಗೆಯ ಹಿಂದಿನಿಂದ ನಾಲಿಗೆಯ ಬುಡದವರೆಗೆ, ಸ್ನಾಯುಗಳೇ ಗತಿ. ಎಚ್ಚರವಿದ್ದಾಗ ಅವು ಬಿಗಿಯಾಗಿದ್ದು ದಾರಿ ತೆರೆದಿಡುತ್ತವೆ. ನಿದ್ದೆಯಲ್ಲಿ ಸಡಿಲಾಗುತ್ತವೆ. ಉಸಿರೆಳೆಯುವಾಗಿನ ಸೆಳೆತಕ್ಕೆ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಾಮಾನ್ಯವಾಗಿ ಈ ದಾರಿ ಎಡಬಲಕ್ಕೆ ಅಗಲ. ಈ ಕಾಯಿಲೆಯ ಅನೇಕರಲ್ಲಿ ಪಕ್ಕದ ಗೋಡೆಗಳು ಒಳಕ್ಕೆ ಒತ್ತಿ ಅದು ಕಿರಿದಾಗಿರುತ್ತದೆ. ಅಂಗಾತ ಮಲಗಿದರೆ, ಕುಡಿದಿದ್ದರೆ ತೊಂದರೆ ಜಾಸ್ತಿ. ಕೊಬ್ಬು ಸೇರಿದರೂ ದಾರಿ ಕಿರಿದಾಗುತ್ತದೆ, ನಿಜ. ಆದರೆ ಅದೊಂದೇ ಕಾರಣವಲ್ಲ.

ನಿದ್ದೆ ಪರೀಕ್ಷೆಯಲ್ಲಿ ಕನಿಷ್ಠ 10 ಸೆಕೆಂಡು ಉಸಿರು ನಿಂತದ್ದನ್ನೂ, ತೀರಾ ಕಡಿಮೆಯಾದದ್ದನ್ನೂ ಎಣಿಸುತ್ತಾರೆ. ಗಂಟೆಗೆ 30 ದಾಟಿದರೆ ತೀವ್ರ. ಇವರದು ದಾಟಿತ್ತು. ಈಗ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗುತ್ತಾರೆ. ನೆಂಟರು ‘ಆಕ್ಸಿಜನ್ ಹಾಕಿದ್ದಾರಾ?’ ಎಂದು ಗಾಬರಿಯಾದರು! ಅದು ಬರೀ ರೂಮಿನ ಗಾಳಿ. ಒತ್ತಡದಲ್ಲಿ ಒಳಹೋಗಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಹೊಸದೂ ಅಲ್ಲ, ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ 1981ರಲ್ಲೇ ಈ ಚಿಕಿತ್ಸೆಯ ಬಗ್ಗೆ ಪ್ರಕಟಿಸಿದ್ದರು.

ರಾತ್ರಿ ಹೀಗೆ ನಿದ್ದೆ ಕೆಟ್ಟರೆ ಹಗಲು ಸ್ಟೀರಿಂಗ್ ಹಿಡಿದಾಗ ತೂಕಡಿಕೆ ಬರುತ್ತದೆ. ಆದರೆ ಲೈಸೆನ್ಸ್ ನವೀಕರಣದ ಮೆಡಿಕಲ್ ಸರ್ಟಿಫಿಕೇಟ್‌ಗೆ ಹೋದಾಗ ಇವರ ಕಣ್ಣು ನೋಡಿ ಕಳಿಸಿದ್ದರು. ಹಗಲು ತೂಕಡಿಕೆ ಬರುತ್ತಾ, ಉಸಿರು ನಿಲ್ಲುವುದನ್ನು ಮನೆಯವರು ನೋಡಿದ್ದಾರಾ ಎಂದು ಕೇಳಲು ಎಷ್ಟು ಹೊತ್ತು ಬೇಕು? ಸಾರಿಗೆ ಇಲಾಖೆ ಈ ಪ್ರಶ್ನೆಗಳನ್ನು ಕಡ್ಡಾಯ ಮಾಡಲಿ. ಜೊತೆಗೆ ಬಾಯಿ, ಗದ್ದವನ್ನೂ ನೋಡಿಸಲಿ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಪರೀಕ್ಷಾ ಸಾಧನಗಳೂ ಇವೆ. ಅವನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಡಲಿ. ಬಾಡಿಗೆ ಬಿಟ್ಟು ಬೆಂಗಳೂರಿಗೆ ಹೋಗಿ ಒಂದು ರಾತ್ರಿ ಮಲಗಿ ಬರುವುದು ಎಲ್ಲ ಡ್ರೈವರ್‌ಗಳಿಂದ ಆಗುವ ಮಾತಲ್ಲ.

– ಲಾರಿ ಚಾಲಕರೊಬ್ಬರ ಪತ್ನಿ, ತಿಪಟೂರು