ಆ ಸಿನಿಮಾ ನಾನೂ ನೋಡಿದೆ

ಇಳಕಲ್

ಅಕ್ಷತಾ,

ರವಿವಾರ ರಾತ್ರಿ ಫೋನಿನಲ್ಲಿ ನೀನು ಅಳುವುದು ಕೇಳಿ ನನ್ನ ಎದೆ ಧಸಕ್ಕೆಂದಿತ್ತು. ಕೇಳಿದರೆ ಸಿನಿಮಾ! ನಿನ್ನ ತಮ್ಮನಿಂದ ಹಾಕಿಸಿಕೊಂಡು 'ಮಿ ಬಿಫೋರ್ ಯು' ನಾನೂ ನೋಡಿದೆ. ಅಪಘಾತವಾಗಿ ಮೈ ಅಲುಗದ ಹುಡುಗ, ಅವನನ್ನು ನೋಡಿಕೊಳ್ಳಲು ಬಂದ ಹುಡುಗಿ, ಪ್ರೀತಿಯಾದರೂ ಕೊನೆಗೆ ಅವನು ಸ್ವಿಟ್ಜರ್ಲೆಂಡಿಗೆ ಹೋಗಿ ತಾನಾಗಿ ಸಾಯುತ್ತಾನೆ. ಇಂಗ್ಲಿಷ್ ಅರ್ಧ ತಿಳಿಯಿತು, ಅರ್ಧ ಅವನು ಹೇಳಿದ. ಸುಳ್ಳು ಯಾಕೆ, ನನ್ನ ಕಣ್ಣೂ ತುಂಬಿದವು. ಆದರೆ "ಅವ್ವಾ, ಅವ ಸತ್ತು ಆಕೀಗೆ ಬಾಳೇವು ಕೊಟ್ಟ" ಅಂದೆಯಲ್ಲ, ಆ ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಪಕ್ಕದ ಮಂಚದಲ್ಲಿ, ಕಾಲಿನ ಸ್ವಾಧೀನ ಹೋದ ನಿಮ್ಮಪ್ಪ ಮಲಗಿದ್ದರು.

ಸಿನಿಮಾದಲ್ಲಿ ಮೈ ಒರೆಸಿ ಹೊರಳಿಸಲು ಬೇರೆ ನರ್ಸ್ ಇದ್ದಾನೆ. ಹುಡುಗಿಗೆ ಹೆಚ್ಚಾಗಿ ಮಾತು, ನಗು, ತಿರುಗಾಟ. ಇಲ್ಲಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಅಂತ ಮೊದಲ ವರ್ಷ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸೊಂಟದ ಕೆಳಗೆ ರೂಪಾಯಿಯಷ್ಟು ಕೆಂಪು ಕಂಡಿತ್ತು, ಸೆಕೆಬೊಕ್ಕೆ ಅಂದುಕೊಂಡೆ. ಅಂಗೈಯಷ್ಟು ಹುಣ್ಣಾಯಿತು. ಅವರಿಗೆ ನೋವೇ ತಿಳಿಯದು. ವಾಸನೆ ಬಂದ ಮೇಲೆ ನನಗೆ ಗೊತ್ತಾಯಿತು. "ಒಂದ್ ಸೂಜಿ ಚುಚ್ಚಿ ಮುಗಸ್ರಿ ನನ್ನ" ಅಂತ ಅವರು ಅಂದದ್ದು ಆಗಲೇ. ನೀನಾಗ ಆರನೇ ಇಯತ್ತೆ. ನಾನೂ ಒಂದು ರಾತ್ರಿ ಅವರ ಹಾಸಿಗೆ ಅರಿವೆ ಒಗೆಯುತ್ತ, ಹೋದರೆ ಇಬ್ಬರಿಗೂ ಬಿಡುಗಡೆ ಅಂದುಕೊಂಡೆ. ಅಪ್ಪನಿಗೆ ಹೇಳಬೇಡ. ಅವರಿಗೆ ಗೊತ್ತಿದ್ದರೂ ಇರಬಹುದು.

ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಆಮೇಲೆ ಸೋದರಮಾವ ಹೊಸ್ತಿಲಿಗೆ ನಮ್ಮೂರ ಕೆಂಪು ಕಲ್ಲಿನ ಹಾಸು ತಂದು ಇಳಿಜಾರು ಮಾಡಿದ, ನೆನಪಿದೆಯಾ? ಪಾಲಿಶ್ ಮಾಡಿದ ಕಲ್ಲು! ಗಾಲಿಕುರ್ಚಿ ಜಾರಿ ನಿಮ್ಮಪ್ಪ ಬಿದ್ದೇಬಿಟ್ಟರು. ಮರುದಿನ ಉಳಿ ಹಿಡಿದು ಚಕ್ಕೆ ಎಬ್ಬಿಸಿ ಒರಟು ಮಾಡಿದ. ಅವತ್ತಿನಿಂದ ಅವರು ಓಣಿ ಕಟ್ಟೆಗೆ ಹೋಗತೊಡಗಿದರು. ಸೀರೆ ನೇಯುವ ಕುಣಿಮಗ್ಗಕ್ಕೆ ಕಾಲು ಬೇಕು, ಸೆರಗಿನ ರೇಷ್ಮೆ ಎಳೆಗೆ ಒಡಲಿನ ಎಳೆ ಸೇರಿಸಿ ಕೊಂಡಿ ಹಾಕಲು ಬೇಡ. ಕೆಲಸ ಬಂತು, ಸೂಜಿಯ ಮಾತು ನಿಂತಿತು. ಎಲ್ಲ ಸರಿಹೋಯಿತು ಅಂತಲ್ಲ. ಉಚ್ಚೆಯ ಸೋಂಕಿಗೆ ಜ್ವರ ಬಂದರೆ ಈಗಲೂ ಮನೆ ಮೇಲೆ-ಕೆಳಗೆ ಮಾಡುತ್ತಾರೆ, ನಾನೂ ಬೈಯುತ್ತೇನೆ.

ಸಿನಿಮಾದ ಹುಡುಗನಿಗೆ ಕೋಟೆಯಂಥ ಮನೆ, ಕೈತುಂಬ ರೊಕ್ಕ. ಅಷ್ಟಿದ್ದೂ ಕಥೆ ಬರೆದವರಿಗೆ ಅವನ ಸಾವೇ ಪ್ರೀತಿಯ ಕಾಣಿಕೆಯಾಗಿ ಕಂಡಿತು. 2016ರಲ್ಲಿ ಲಂಡನ್ನಿನಲ್ಲಿ ಗಾಲಿಕುರ್ಚಿಯವರೇ ಬಂದು ಇದರ ವಿರುದ್ಧ ಪ್ರತಿಭಟಿಸಿದ್ದು ಸುಮ್ಮನಲ್ಲ. 2010ರ ಹಿಂದಿಯ 'ಗುಜಾರಿಶ್' ನೆನಪಾಯಿತು. ಅಲ್ಲಿಯೂ ಮೈ ಅಲುಗದ ಜಾದೂಗಾರ, ಚೆಂದದ ನರ್ಸ್, ಸಾವಿಗೆ ಅರ್ಜಿ.

ಅದರ ಮರುವರ್ಷವೇ ಅರುಣಾ ಶಾನಭಾಗರ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ನಮ್ಮ ಹಳದೀಪುರದ ಹುಡುಗಿ, ಮುಂಬೈಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಹಲ್ಲೆಗೊಳಗಾಗಿ 2015ರವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರ ಊಟ ನಿಲ್ಲಿಸಿ ಅಂತ ಹೊರಗಿನವರು ಕೋರ್ಟಿಗೆ ಹೋದರೆ, ದಿನಾ ಉಣಿಸಿ ತೊಳೆಯುತ್ತಿದ್ದ ನರ್ಸ್‌ಗಳು ಬೇಡವೇ ಬೇಡ ಅಂದರು. ಆ ನರ್ಸ್‌ಗಳ ಕಥೆಗೆ ಯಾರು ಹಾಡು ಹಾಕುತ್ತಾರೆ, ಹೇಳು?

ಆದರೆ ಸಾಯುವ ಮಾತನ್ನೇ ಎತ್ತಬಾರದು ಅನ್ನುವವಳು ನಾನಲ್ಲ. ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರ ತೆಗೆದು ಸಾವನ್ನು ಅದರ ಪಾಡಿಗೆ ಬಿಡುವುದು ಬೇರೆ, ಸ್ವಿಟ್ಜರ್ಲೆಂಡಿಗೆ ಹೋಗಿ ಔಷಧ ಕುಡಿಯುವುದು ಬೇರೆ. ಮೊದಲನೆಯದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2025ರ ಜನವರಿಯಲ್ಲಿ ನಮ್ಮ ಸರ್ಕಾರ ಸುತ್ತೋಲೆಯನ್ನೂ ಹೊರಡಿಸಿತು. ಮೂವರು ಮೂವರು ವೈದ್ಯರ ಎರಡು ಮಂಡಳಿ ನೋಡಬೇಕು. ನಿಮ್ಮಪ್ಪ ಪೇಪರಿನಲ್ಲಿ ಎರಡು ಸಲ ಓದಿ, "ಎಚ್ಚರ ಪೂರಾ ಹೋದ್ರ ನನ್ನ ಮೂಗಿಗೆ ನಳಿಗಿ ಹಾಕಿ ಇಡಬ್ಯಾಡ್ರಿ, ಬರದ ಇಡ್ತೀನಿ" ಅಂದರು. ಅವರ ಪರ ನಿರ್ಧಾರ ಮಾಡುವವರಲ್ಲಿ ನಿನ್ನ ಹೆಸರೂ ಬೇಕಂತೆ.

ದೀಪಾವಳಿಗೆ ಬಂದಾಗ ಅಪ್ಪನ ಹತ್ತಿರವೇ ಕೂತು ಕೇಳು. ಬರುವಾಗ ಬೆಂಗಳೂರಿನಿಂದ ಎರಡು ಡಬ್ಬಿ ಕ್ಯಾತಿಟರ್, ಅದೇ ಉಚ್ಚೆಯ ನಳಿಗೆ, ತಾ, ನಂಬರ್ ತಮ್ಮ ವಾಟ್ಸಾಪ್ ಮಾಡುತ್ತಾನೆ. ಇಲ್ಲಿಯ ಅಂಗಡಿಯಲ್ಲಿ ಮುಗಿದಿವೆಯಂತೆ.

ನಿನ್ನ ಅವ್ವ